ರೆಡಿಂಗಿನ ಮೊದಲ ಕ್ರಿಸ್‌ಮಸ್‌ಗೆ ಈಗಲೇ ಏನು ಮಾಡಿಕೊಳ್ಳಬೇಕು?

ನಮಸ್ಕಾರ. ಆಗಸ್ಟಿನಲ್ಲಿ ಇಂಗ್ಲೆಂಡಿನ ರೆಡಿಂಗಿಗೆ ಬಂದಿದ್ದೀರಿ. ಮಗಳು ಒಂದನೇ ತರಗತಿ, ಮಗ ನಾಲ್ಕನೇ ತರಗತಿ. ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಅತ್ತೆ-ಮಾವ ಬರುತ್ತಾರೆ. ‘ಕ್ರಿಸ್‌ಮಸ್ ನಮ್ಮ ಮನೆ ಹಬ್ಬ ಅಲ್ಲ, ಆದರೂ ಅಕ್ಟೋಬರಿನಲ್ಲೇ ಎಲ್ಲರೂ ಗಡಿಬಿಡಿ ಮಾಡುತ್ತಿದ್ದಾರೆ, ನಾವೂ ಏನಾದರೂ ಮಾಡಬೇಕಾ?’ ಅಂತ ಕೇಳಿದ್ದೀರಿ.

ಮಾಡಬೇಕು. ಹಬ್ಬ ಮಾಡುವುದು ಬಿಡುವುದು ನಿಮ್ಮಿಷ್ಟ. ಆದರೆ 25ನೇ ತಾರೀಕು ಈ ದೇಶ ಬಾಗಿಲು ಹಾಕಿಕೊಳ್ಳುತ್ತದೆ. ಅದಕ್ಕೂ ಮುಂಚಿನ ಮೂರು ವಾರ ಶಾಲೆ ನಿಮ್ಮನ್ನು ಓಡಾಡಿಸುತ್ತದೆ. ಇವೆರಡಕ್ಕೆ ತಯಾರಾಗಿ, ಸಾಕು. ಮಿಕ್ಕಿದ್ದನ್ನೆಲ್ಲ ಬಿಟ್ಟರೂ ಯಾರೂ ಏನೂ ಅನ್ನುವುದಿಲ್ಲ.

ಮೊದಲು ಅತ್ತೆ-ಮಾವನ ಟಿಕೆಟ್. 25ಕ್ಕೆ ರೈಲು ಇಲ್ಲ, ಲಂಡನ್ನಿನ ಟ್ಯೂಬ್ (ಮೆಟ್ರೊ) ಇಲ್ಲ, ಬಸ್ಸೂ ಹೆಚ್ಚುಕಡಿಮೆ ಇಲ್ಲ. 24ರ ಸಂಜೆ ರೈಲುಗಳು ಬೇಗ ನಿಂತುಬಿಡುತ್ತವೆ. 26 ಬಾಕ್ಸಿಂಗ್ ಡೇ ಅನ್ನುವ ರಜೆ, ಅವತ್ತೂ ಬಹುತೇಕ ಕಡೆ ರೈಲು ಓಡುವುದಿಲ್ಲ. ಜನ ಕಡಿಮೆ ಅಂತ ಹಳಿ ಕೆಲಸವನ್ನೂ ಇದೇ ವಾರಕ್ಕೆ ಇಟ್ಟುಕೊಳ್ಳುತ್ತಾರೆ. ವಿಮಾನ ಮಾತ್ರ ಬಂದೇ ಬರುತ್ತದೆ! ಹಾಗಾಗಿ 25ರ ಟಿಕೆಟ್ ಅಗ್ಗ ಕಂಡರೂ ತೆಗೆದುಕೊಳ್ಳಬೇಡಿ. ಉಳಿಸಿದ ದುಡ್ಡು ಹೀಥ್ರೂ ವಿಮಾನ ನಿಲ್ದಾಣದಿಂದ ಟ್ಯಾಕ್ಸಿಗೆ ಹೋಗುತ್ತದೆ. 20ರೊಳಗೆ ಬಂದಿಳಿದರೆ ಎಲ್ಲರಿಗೂ ಆರಾಮ. ಬಿಪಿ, ಶುಗರ್ ಮಾತ್ರೆಗಳನ್ನು ಇರುವಷ್ಟು ದಿನಕ್ಕೂ ಊರಿಂದಲೇ ತರಲಿ, ಡಾಕ್ಟರ ಚೀಟಿಯ ಸಮೇತ. ಹಬ್ಬದ ರಜೆಯ ದಿನಗಳಲ್ಲಿ ಜಿಪಿ (ನಮ್ಮ ಬಡಾವಣೆಯ ಡಾಕ್ಟರ ಕ್ಲಿನಿಕ್) ಮುಚ್ಚಿರುತ್ತದೆ, ತೆರೆದ ಔಷಧಿ ಅಂಗಡಿ ಹುಡುಕಿಕೊಂಡು ಹೋಗಬೇಕು. ಪ್ರವಾಸ ವಿಮೆ ಇಲ್ಲದೆ ಹಿರಿಯರನ್ನು ವಿಮಾನ ಹತ್ತಿಸಲೇಬೇಡಿ.

ಇನ್ನು ಅಂಗಡಿ. ಇಂಗ್ಲೆಂಡ್, ವೇಲ್ಸಿನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ಕ್ರಿಸ್‌ಮಸ್ ದಿನ ತೆರೆಯುವ ಹಾಗಿಲ್ಲ ಅಂತ 2004ರ ಕಾನೂನೇ ಇದೆ. ಅಂದರೆ ಸೂಪರ್‌ಮಾರ್ಕೆಟ್ ಎಲ್ಲ ಬಂದ್. ಚಿಕ್ಕ ಅಂಗಡಿಗೆ ಈ ಕಾನೂನು ಇಲ್ಲ. ಬೀದಿ ಮೂಲೆಯಲ್ಲಿ ಗುಜರಾತಿಯವರೋ ಶ್ರೀಲಂಕಾ ತಮಿಳರೋ ನಡೆಸುವ ಅಂಗಡಿ ಇದ್ದರೆ ಹಾಲು, ಮೊಸರು ಅಲ್ಲಿ ಸಿಕ್ಕೀತು. ಈಗಲೇ ಹೋಗಿ ಪರಿಚಯ ಮಾಡಿಕೊಳ್ಳಿ. ಮನೆಗೆ ಸಾಮಾನು ತರಿಸುವುದಾದರೆ ಕ್ರಿಸ್‌ಮಸ್ ವಾರದ ಸ್ಲಾಟ್‌ಗಳು ಶರತ್ಕಾಲದಲ್ಲೇ ಖಾಲಿಯಾಗುತ್ತವೆ. ಯಾವುದಾದರೂ ಸಾಮಾನು ಹಾಕಿ ಸ್ಲಾಟ್ ಹಿಡಿದಿಡಿ, ಪಟ್ಟಿ ಆಮೇಲೆ ಬದಲಾಯಿಸಬಹುದು. ಕರಿಬೇವು, ತೆಂಗಿನತುರಿ ಫ್ರೀಜರಿನಲ್ಲಿರಲಿ. ಒಂದು ಲಾಭವೂ ಇದೆ. ಹಬ್ಬದ ಮುಂಚಿನ ವಾರ ಸೂಪರ್‌ಮಾರ್ಕೆಟ್‌ಗಳು ಪೈಪೋಟಿಗೆ ಬಿದ್ದು ಕ್ಯಾರೆಟ್, ಪುಟ್ಟ ಎಲೆಕೋಸಿನಂಥ ಬ್ರಸೆಲ್ಸ್ ಸ್ಪ್ರೌಟ್ಸನ್ನು ಕೆಲವೇ ಪೆನ್ಸ್‌ಗೆ ಮಾರುತ್ತವೆ. ನಮ್ಮ ಮನೆಯ ಕ್ಯಾರೆಟ್ ಹಲ್ವಾ ಆ ಅಗ್ಗದ ಕ್ಯಾರೆಟ್ಟಿನದೇ. ಸ್ಪ್ರೌಟ್ಸ್ ಬೇಯಿಸಿದರೆ ಯಾರಿಗೂ ಸೇರುವುದಿಲ್ಲ. ಸಣ್ಣಗೆ ಹೆಚ್ಚಿ ಸಾಸಿವೆ, ಕೊಬ್ಬರಿ ಹಾಕಿ ಪಲ್ಯ ಮಾಡಿ ನೋಡಿ.

ಈಗ ಶಾಲೆ. ನಿಜವಾದ ಸುಸ್ತು ಇಲ್ಲೇ. ಪುಟ್ಟ ತರಗತಿಗಳಲ್ಲಿ ಯೇಸು ಹುಟ್ಟಿದ ಕತೆಯ ನಾಟಕ ಆಡಿಸುತ್ತಾರೆ, ನೇಟಿವಿಟಿ ಅಂತ. ನವೆಂಬರಿನಲ್ಲಿ ಒಂದು ಚೀಟಿ ಬರುತ್ತದೆ: ನಿಮ್ಮ ಮಗಳು ಕುರಿ, ಅಥವಾ ನಕ್ಷತ್ರ, ಉಡುಪು ಕಳಿಸಿ. ಪ್ರದರ್ಶನ ಸಾಮಾನ್ಯವಾಗಿ ವಾರದ ನಡುವೆ, ಆಫೀಸ್ ಹೊತ್ತಿನಲ್ಲೇ. ಶಾಲೆಯ ಕ್ಯಾಲೆಂಡರ್ ನೋಡಿ ಇವತ್ತೇ ಅರ್ಧ ದಿನ ರಜೆ ಕೇಳಿ. ಎಷ್ಟೋ ಕಂಪನಿಗಳಲ್ಲಿ ರಜೆಯ ವರ್ಷ ಡಿಸೆಂಬರ್ 31ಕ್ಕೆ ಮುಗಿಯುವುದರಿಂದ ಕೊನೆಗೆ ಎಲ್ಲರೂ ಒಟ್ಟಿಗೆ ರಜೆ ಹಾಕುತ್ತಾರೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವಿನ ದಿನಗಳಲ್ಲಿ ನಾನು ಕೆಲಸ ಮಾಡುತ್ತೇನೆ ಅಂತ ನೀವಾಗಿಯೇ ಹೇಳಿ. ಯುಗಾದಿಗೆ, ಮುಂದಿನ ದೀಪಾವಳಿಗೆ ರಜೆ ಕೇಳುವಾಗ ಅದನ್ನು ನೆನಪಿಸಬಹುದು.

ನಾಟಕದ ಜೊತೆಗೆ ಕ್ರಿಸ್‌ಮಸ್ ಸ್ವೆಟರ್ ದಿನ, ತರಗತಿಯ ಪಾರ್ಟಿ, ಟೀಚರ್ ಉಡುಗೊರೆಗೆ ಚಂದಾ, ಮೂವತ್ತು ಮಕ್ಕಳಿಗೂ ಕಾರ್ಡು. ಕಾರ್ಡಿನ ಡಬ್ಬ ಈಗಲೇ ತಂದು ದಿನಕ್ಕೆ ಐದೈದು ಬರೆಸಿ, ಇಲ್ಲದಿದ್ದರೆ ಕಡೆಯ ರಾತ್ರಿ ನೀವೇ ಕೂತು ಬರೆಯುತ್ತೀರಿ. ಸ್ವೆಟರ್ ಬಳಸಿದ ಬಟ್ಟೆ ಮಾರುವ ಚಾರಿಟಿ ಅಂಗಡಿಯಲ್ಲಿ ಸಿಗುತ್ತದೆ, ಒಂದು ದಿನದ ಬಟ್ಟೆಗೆ ಹೊಸದು ಯಾಕೆ? ದಿನಕ್ಕೊಂದು ಪುಟ್ಟ ಬಾಗಿಲು ತೆರೆದು ಚಾಕೊಲೇಟ್ ತಿನ್ನುವ ಅಡ್ವೆಂಟ್ ಕ್ಯಾಲೆಂಡರ್ ಡಿಸೆಂಬರ್ 1ಕ್ಕೆ ಶುರು. ಮಕ್ಕಳಿಗೆ ಅದು ಬೇಕೇ ಬೇಕು, ಕೊಡಿಸಿಬಿಡಿ. ದಿನಾ ರಾತ್ರಿ ತಾನೇ ಜಾಗ ಬದಲಾಯಿಸುತ್ತದೆ ಅಂತ ಮಕ್ಕಳಿಗೆ ಹೇಳುವ ಎಲ್ಫ್ (ಸಾಂಟಾನ ಪುಟ್ಟ ಸಹಾಯಕ) ಬೊಂಬೆಯ ಸಹವಾಸಕ್ಕೆ ಮಾತ್ರ ಹೋಗಬೇಡಿ. ದಿನಾ ರಾತ್ರಿ ಎದ್ದು ಅದನ್ನು ಸರಿಸುವ ಕೆಲಸ ಅಪ್ಪ-ಅಮ್ಮನದು.

ಸಾಂಟಾ ವಿಷಯ ಮಕ್ಕಳ ಜೊತೆ ಮೊದಲೇ ಮಾತಾಡಿ. ನಿಮ್ಮ ಮನೆಯಲ್ಲಿ ನಂಬುವುದು ಬಿಡುವುದು ಬೇರೆ ಮಾತು. ಆದರೆ ನಿಮ್ಮ ಮಗ ತರಗತಿಯಲ್ಲಿ ‘ಅದೆಲ್ಲ ಸುಳ್ಳು, ಅಪ್ಪ-ಅಮ್ಮನೇ ತರೋದು’ ಅಂದರೆ ಮೂರ್ನಾಲ್ಕು ತಾಯಂದಿರು ಗೇಟಿನ ಹತ್ತಿರ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ನಾಲ್ಕನೇ ತರಗತಿಯವರಲ್ಲೂ ನಂಬುವವರು ಇನ್ನೂ ಇರುತ್ತಾರೆ.

ಮಾಂಸ ತಿನ್ನದವರಿಗೆ ಒಂದು ಮಾತು. ಎಲ್ಲ ಕಡೆ ಕೊಡುವ ಮಿನ್ಸ್ ಪೈ ಒಳಗೆ ಇರುವುದು ಒಣದ್ರಾಕ್ಷಿ, ಮಸಾಲೆ, ಹಣ್ಣು. ಆದರೆ ಕೆಲವದರಲ್ಲಿ ದನದ ಕೊಬ್ಬು ಹಾಕುತ್ತಾರೆ, ಕ್ರಿಸ್‌ಮಸ್ ಪುಡಿಂಗಿನಲ್ಲೂ ಅಷ್ಟೇ. ಸಸ್ಯಾಹಾರಿ ಗುರುತು ನೋಡಿಯೇ ಕೊಳ್ಳಿ. ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಾಟಿನ್ ಇರುತ್ತದೆ. ಶಾಲೆಯ ಕ್ರಿಸ್‌ಮಸ್ ಊಟಕ್ಕೆ ಮೊದಲೇ ಬರುವ ಫಾರ್ಮಿನಲ್ಲಿ ಸಸ್ಯಾಹಾರ ಅಂತ ಗುರುತು ಹಾಕುವುದನ್ನು ಮರೆಯಬೇಡಿ.

ದುಡ್ಡಿನ ವಿಚಾರ ಯಾರೂ ಮೊದಲೇ ಹೇಳುವುದಿಲ್ಲ. ಎಷ್ಟೋ ಕಡೆ ಡಿಸೆಂಬರ್ ಸಂಬಳ ಹಬ್ಬಕ್ಕೆ ಮುಂಚೆಯೇ ಬರುತ್ತದೆ, ಮುಂದಿನದು ಜನವರಿ ಕೊನೆಗೆ. ನಡುವೆ ಐದಾರು ವಾರ, ಮೇಲಿಂದ ಹೀಟಿಂಗ್ ಬಿಲ್ಲು. ಈ ತಿಂಗಳಿಂದಲೇ ಬ್ಯಾಂಕ್ ಆ್ಯಪಿನಲ್ಲಿ ಬೇರೆ ಗಂಟು ಕಟ್ಟಿಡಿ. ಬ್ಯಾಂಕಿನಲ್ಲೇ ಇಡಿ ಅನ್ನುವುದಕ್ಕೆ ಕಾರಣ ಇದೆ. 2006ರಲ್ಲಿ ಫೇರ್‌ಪ್ಯಾಕ್ ಅನ್ನುವ ಕ್ರಿಸ್‌ಮಸ್ ಉಳಿತಾಯ ಕಂಪನಿ ಹಬ್ಬಕ್ಕೆ ಮುಂಚೆ ಮುಳುಗಿತು. ವರ್ಷವೆಲ್ಲ ಅಷ್ಟಷ್ಟೇ ಕಟ್ಟಿದ್ದ ಸಾವಿರಾರು ಬಡ ಮನೆಗಳಿಗೆ ಹಬ್ಬದ ದುಡ್ಡು ಸಿಗಲಿಲ್ಲ. ಬ್ಯಾಂಕಿನ ಠೇವಣಿಗೆ ಇರುವ ರಕ್ಷಣೆ ಅಂಥ ಕಂಪನಿಗೆ ಇರಲಿಲ್ಲ.

ಉಡುಗೊರೆ ಬೇಗ ಕೊಳ್ಳುವಾಗ ವಾಪಸ್ ಕೊಡುವ ಗಡುವು ನೋಡಿ. ಆನ್‌ಲೈನಿನಲ್ಲಿ ಕೊಂಡರೆ ಕೈಗೆ ಬಂದ ಮೇಲೆ 14 ದಿನ ಮನಸ್ಸು ಬದಲಾಯಿಸುವ ಹಕ್ಕಿದೆ, ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ರಿಯಾಯಿತಿಯಲ್ಲಿ ಕೊಂಡದ್ದಕ್ಕೆ ಅದು ಹಬ್ಬದೊಳಗೇ ಮುಗಿಯುತ್ತದೆ. ಹಲವು ಅಂಗಡಿಗಳು ಜನವರಿವರೆಗೆ ಅವಕಾಶ ಕೊಡುತ್ತವೆ, ಕೇಳಿಕೊಂಡು ಕೊಳ್ಳಿ. ಆಟಿಕೆಗೆ ಬ್ಯಾಟರಿಯನ್ನೂ ತಂದಿಡಿ.

ನೆರೆಯವರು 25ಕ್ಕೆ ಊಟಕ್ಕೆ ಕರೆದರೆ ಹೋಗಿ. ಮೂರು ಗಂಟೆಗೆ ಟಿವಿಯಲ್ಲಿ ರಾಜರ ಭಾಷಣ ಬರುತ್ತದೆ, ಊಟ ಅದರ ಹಿಂದೆಮುಂದೆ. ಮಾಂಸ ತಿನ್ನುವುದಿಲ್ಲ ಅಂತ ಎರಡು ವಾರ ಮೊದಲೇ ಹೇಳಿ, ಅವರಿಗೂ ಅಡುಗೆಗೆ ಯೋಚಿಸಲು ಸಮಯ ಬೇಕಲ್ವಾ? ಕೈಯಲ್ಲಿ ಹಲ್ವಾ ಡಬ್ಬ ಹಿಡಿದು ಹೋಗಿ.

ಅತ್ತೆ-ಮಾವನ ಟಿಕೆಟ್ ಇನ್ನೂ ಆಗಿಲ್ಲದಿದ್ದರೆ ತಾರೀಕು ತಿಳಿಸಿ, ಹೀಥ್ರೂನಿಂದ ಆ ದಿನ ಏನು ಓಡುತ್ತದೆ ನೋಡಿ ಹೇಳುತ್ತೇನೆ.