ಎಫ್‌ಎಫ್‌ಎಂಪೆಗ್ (ವಿಡಿಯೋ-ಆಡಿಯೋ ಸಂಸ್ಕರಿಸೋ ಓಪನ್ ಸೋರ್ಸ್ ಸಾಫ್ಟ್‌ವೇರ್) ಕೋಡ್ ಮುಟ್ಟಿಲ್ಲ, ನಮ್ಮ ಇನ್‌ಸ್ಟಾಲರ್ ಜೊತೆ ಸುಮ್ನೆ ಕೊಡ್ತಿದ್ದೀನಿ. ಅವರ ಸೈಟ್ ಲಿಂಕ್ ಹಾಕಿದ್ರೆ ಸಾಕಲ್ವಾ?

ಸಾಲದು. ಕೋಡ್ ಮುಟ್ಟಿಲ್ಲ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬೇರೆಯವರ ಕೈಗೆ ಕೊಟ್ಟಿರಿ ಅಂದರೆ ಮುಗಿಯಿತು, ಲೈಸೆನ್ಸಿನ ಷರತ್ತು ಶುರು.

ಇದೇ ಧೈರ್ಯದಲ್ಲಿ ನಾವೂ ಇದ್ದೆವು. ಕೋಚಿಂಗ್ ಸೆಂಟರ್‌ಗಳು ಪಾಠ ರೆಕಾರ್ಡ್ ಮಾಡುವ ವಿಂಡೋಸ್ ಸಾಫ್ಟ್‌ವೇರ್ ನಮ್ಮದು. ಒಳಗೆ ಎಫ್‌ಎಫ್‌ಎಂಪೆಗ್ ಡಿಎಲ್‌ಎಲ್‌ಗಳು (ವಿಂಡೋಸ್ ಲೈಬ್ರರಿ ಫೈಲ್‌ಗಳು), 'ಅಬೌಟ್' ಪುಟದಲ್ಲಿ ಒಂದು ಲಿಂಕ್. ವರ್ಷಗಟ್ಟಲೆ ಯಾರೂ ಕೇಳಲಿಲ್ಲ. ಆಮೇಲೆ ವಿದೇಶದ ದೊಡ್ಡ ಗಿರಾಕಿಯೊಬ್ಬರು ಬಂದರು. ಸಹಿ ಹಾಕುವ ಮುಂಚೆ ಅವರ ವಕೀಲರು ಕೇಳಿದ್ದು ಒಂದೇ: ಇದೇ ಬೈನರಿಯ (ಓಡುವ ಫೈಲಿನ) ಸೋರ್ಸ್ ಕೋಡ್ ಕೊಡಿ.

ಸಿಕ್ಕಿಬಿದ್ದಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಫ್‌ಎಫ್‌ಎಂಪೆಗ್ ಮೂಲತಃ ಎಲ್‌ಜಿಪಿಎಲ್ 2.1 ಲೈಸೆನ್ಸಿನದು, ಅದರಡಿ ನಿಮ್ಮ ಸ್ವಂತ ಕೋಡನ್ನು ಸಾಮಾನ್ಯವಾಗಿ ಕೊಡಬೇಕಿಲ್ಲ. ಆದರೆ ಎಕ್ಸ್264 ಎಂಬ ವಿಡಿಯೋ ಎನ್‌ಕೋಡರ್ ಸೇರಿಸಬೇಕಾದರೆ ಬಿಲ್ಡ್ ಮಾಡುವಾಗ (ಸೋರ್ಸಿನಿಂದ ಬೈನರಿ ತಯಾರಿಸುವಾಗ) 'ಎನೇಬಲ್-ಜಿಪಿಎಲ್' ಹಾಕಲೇಬೇಕು. ಹಾಕಿದರೆ ಇಡೀ ಬೈನರಿ ಜಿಪಿಎಲ್, ಅಂದರೆ ಅದಕ್ಕೆ ಲಿಂಕ್ ಆದ ಕೋಡಿನ ಸೋರ್ಸನ್ನೂ ಕೇಳುವ ಇನ್ನೂ ಬಿಗಿ ಲೈಸೆನ್ಸ್. ನಾವು ಬಿಲ್ಡ್ ಮಾಡಿರಲೇ ಇಲ್ಲ, ಯಾವುದೋ ಸೈಟಿನ 'ಲೇಟೆಸ್ಟ್' ಜಿಪ್ ಇಳಿಸಿ ತುರುಕಿದ್ದೆವು. ಕಮಾಂಡ್ ಪ್ರಾಂಪ್ಟ್‌ನಲ್ಲಿ ವರ್ಷನ್ ಕೇಳಿದರೆ 'ಕಾನ್ಫಿಗರೇಶನ್' ಅಂತ ಉದ್ದನೆಯ ಸಾಲು ಬರುತ್ತದಲ್ಲ, ಅದನ್ನು ಪೂರ್ತಿ ಓದಿದ್ದು ಅವತ್ತೇ. ಎನೇಬಲ್-ಜಿಪಿಎಲ್, ಎನೇಬಲ್-ವರ್ಷನ್3, ಲಿಬ್‌ಎಕ್ಸ್264, ಲಿಬ್‌ಎಕ್ಸ್265. ಅಂದರೆ ಜಿಪಿಎಲ್ 3. ಅದರ ಡಿಎಲ್‌ಎಲ್‌ಗಳಿಗೆ ನಮ್ಮ ಕೋಡ್ ಲಿಂಕ್ ಆಗಿತ್ತು, ಹಾಗಾಗಿ ನಮ್ಮ ಸೋರ್ಸಿಗೂ ಕುತ್ತು.

ವರ್ಷನ್ ಹೆಸರಲ್ಲಿದ್ದ ಗಿಟ್ ಗುರುತಿನಿಂದ (ಕೋಡಿನ ನಿಖರ ಆವೃತ್ತಿಯ ಸಂಕೇತ) ಎಫ್‌ಎಫ್‌ಎಂಪೆಗ್ ಸೋರ್ಸ್ ಸಿಕ್ಕಿತು. ಅದರೊಳಗಿನ ಎಕ್ಸ್265 ಯಾವತ್ತಿನದು? ನಮಗೆ ಪತ್ತೆ ಹಚ್ಚಲಾಗಲಿಲ್ಲ. ಆ ಜಿಪ್ಪನ್ನು ಸೈಟಿನವರು ಯಾವಾಗಲೋ ತೆಗೆದುಹಾಕಿದ್ದರು. ಸೋರ್ಸ್ ಬೇರೆಯವರ ಸರ್ವರ್‌ನಲ್ಲಿರಲಿ ಅಂತ ಜಿಪಿಎಲ್ 3 ಒಪ್ಪುತ್ತದೆ ನಿಜ, ಆದರೆ ಅದು ಅಲ್ಲೇ ಇರುವಂತೆ ನೋಡಿಕೊಳ್ಳುವ ಹೊಣೆ ಹಂಚಿದವರದೇ. ಕೊನೆಗೆ ಎಕ್ಸ್264, ಎಕ್ಸ್265 ಎರಡನ್ನೂ ಬಿಟ್ಟು, ವಿಂಡೋಸ್‌ನ ಮೀಡಿಯಾ ಫೌಂಡೇಶನ್ ಎನ್‌ಕೋಡರ್ ಇಟ್ಟು, ಎಲ್‌ಜಿಪಿಎಲ್ ಬಿಲ್ಡ್ ನಾವೇ ಮಾಡಿದೆವು. ಅಷ್ಟರಲ್ಲಿ ಗಿರಾಕಿ ಬೇರೆ ಕಡೆ ಹೋಗಿದ್ದರು.

ಹಾಗಾಗಿ ಯಾವ ಲಿಂಕ್ ಹಾಕಲಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಹಾಗೆ ಎಲ್ಲಿಂದಲೋ ಇಳಿಸಿದ ಜಿಪ್ ಇದ್ದರೆ ಮೊದಲು ಅದನ್ನು ಕಿತ್ತುಹಾಕಿ. ನೀವೇ ಬಿಲ್ಡ್ ಮಾಡಿ, ಅದೇ ಸೋರ್ಸ್, ಕಾನ್ಫಿಗರ್ ಸಾಲು, ಲೈಸೆನ್ಸ್ ಫೈಲ್ ಎಲ್ಲವನ್ನೂ ಇನ್‌ಸ್ಟಾಲರ್ ಪಕ್ಕದಲ್ಲೇ ನಿಮ್ಮ ಸರ್ವರ್‌ನಲ್ಲಿಡಿ. ಆ ಸಾಲಿನಲ್ಲಿ 'ಎನೇಬಲ್-ನಾನ್‌ಫ್ರೀ' ಕಂಡರಂತೂ ಅದನ್ನು ಹಂಚುವ ಹಕ್ಕೇ ನಿಮಗಿಲ್ಲ. ಡಿಎಲ್‌ಎಲ್ ಲಿಂಕ್ ಮಾಡದೆ ಎಫ್‌ಎಫ್‌ಎಂಪೆಗ್‌ನ ಎಕ್ಸಿಕ್ಯೂಟಬಲ್ ಅನ್ನು ಬೇರೆ ಪ್ರೋಗ್ರಾಮಾಗಿ ಓಡಿಸುತ್ತಿದ್ದರೆ ನಿಮ್ಮ ಕೋಡ್ ಸಾಮಾನ್ಯವಾಗಿ ಬಚಾವ್, ಆದರೆ ಎಫ್‌ಎಫ್‌ಎಂಪೆಗ್ ಸೋರ್ಸ್ ಕೊಡುವುದು ತಪ್ಪುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಬಳಕೆದಾರರ ಒಪ್ಪಂದ ಎಲ್ಲಿಂದಲೋ ಕಾಪಿ ಮಾಡಿದ್ದೇ ಇರುತ್ತದೆ, ಅಲ್ವಾ? ಅದರಲ್ಲಿ 'ರಿವರ್ಸ್ ಎಂಜಿನಿಯರಿಂಗ್ ಮಾಡುವಂತಿಲ್ಲ' ಅಂತಿದ್ದರೆ ತೆಗೆಯಿರಿ. ಲೈಬ್ರರಿ ಬದಲಾಯಿಸಿ ಡೀಬಗ್ ಮಾಡುವವರಿಗೆ ಅದಕ್ಕೆ ಅವಕಾಶ ಕೊಡಲೇಬೇಕು ಅಂತ ಎಲ್‌ಜಿಪಿಎಲ್ 2.1ರ 6ನೇ ಸೆಕ್ಷನ್‌ನಲ್ಲಿದೆ.