ಎರಡೂ ಕಡೆಯವರ ಮಾತು ಬಂತು, ಹಾಡು ಎಲ್ಲಿ ಹೋಯ್ತು?

ನಮಸ್ಕಾರ. ಫಿಯರ್ ಫ್ಯಾಕ್ಟರಿ ಅನ್ನೋ ಮೆಟಲ್ ಬ್ಯಾಂಡಿನ ‘ಬ್ಯಾಕ್ ದ ಫ... ಅಪ್’ ಹಾಡಲ್ಲಿ ರ‍್ಯಾಪ್ ಬಂದಿದ್ದರ ಬಗ್ಗೆ ಫ್ಯಾನ್‌ಗಳು ಇಷ್ಟು ವರ್ಷ ಆದ್ರೂ ಕಿತ್ತಾಡ್ತಿರೋದ್ರ ಮೇಲೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. (ಚುಕ್ಕಿ ಹಾಕಿದ್ದು ನಾನು, ನೀವು ಪೂರ್ತಿ ಬರೆದಿದ್ರಿ, ನಮ್ಮ ಓದುಗರಲ್ಲಿ ರಿಟೈರ್ಡ್ ಮೇಷ್ಟ್ರುಗಳೂ ಇದಾರೆ ಮಾರಾಯ್ರೆ.) ಈಗಿರೋ ಹಾಗೆ ಹಾಕಕ್ಕಾಗಲ್ಲ. ಹಾಗಂತ ಎತ್ತಿ ಬಿಸಾಕಿ ಅಂತಾನೂ ಹೇಳ್ತಿಲ್ಲ.

‘ಕೆಲವರು ಹೇಳ್ತಾರೆ’, ‘ಇನ್ನು ಕೆಲವರ ಪ್ರಕಾರ’, ಈ ಎರಡು ಮಾತು ಒಟ್ಟು 14 ಸಲ ಬಂದಿದೆ, ಪೆನ್ಸಿಲ್ ಹಿಡ್ಕೊಂಡು ಎಣಿಸಿದೆ. ನೀವು ಅರಳಿಕಟ್ಟೆ ಮೇಲೆ ಕೂತು ಎರಡೂ ಪಾರ್ಟಿಯವರ ದೂರು ಕೇಳಿ ಹೌದೌದು ಅಂತ ತಲೆಯಾಡಿಸಿ ಎದ್ದು ಬಂದಿದ್ದೀರ. ಆ ಹಾಡು ಕೇಳಿದ್ರೆ ಕಿವಿಗೆ ಏನಾಗುತ್ತೆ ಅನ್ನೋದಕ್ಕೆ ಒಂದು ಸಾಲೂ ಇಲ್ಲ! ಈ ಬ್ಯಾಂಡ್ ಹೆಸರೇ ಕೇಳದ ಓದುಗನಿಗೆ ಜಗಳ ಯಾತಕ್ಕೆ ಅಂತ್ಲೇ ಗೊತ್ತಾಗಲ್ಲ.

ನಾನಾಗಿದ್ರೆ ಇಲ್ಲಿಂದ ಶುರು ಮಾಡ್ತಿದ್ದೆ ನೋಡಿ. ಇವರು ಲಾಸ್ ಏಂಜಲಿಸ್‌ನೋರು, 1995ರ ‘ಡಿಮ್ಯಾನುಫ್ಯಾಕ್ಚರ್’ ಆಲ್ಬಮ್ಮಲ್ಲಿ ಡೀನೋ ಕಸಾರೆಸ್ ಗಿಟಾರೂ ರೇಮಂಡ್ ಹೆರೆರಾನ ಕಾಲಿನ ಡ್ರಮ್ಮೂ ಒಂದೇ ಏಟಿಗೆ ಬೀಳುತ್ತೆ, ಗಿಟಾರ್ ನಿಂತ್ರೆ ಡ್ರಮ್ಮೂ ನಿಲ್ಲುತ್ತೆ, ಹಿಟ್ಟಿನ ಗಿರಣಿ ಬೆಲ್ಟ್ ಪಕ್ಕ ನಿಂತ್ಕೊಂಡಾಗ ಎದೆ ಒಳಗೆ ಡಗಡಗ ಅನ್ನುತ್ತಲ್ಲ ಆ ಥರ. ಅದರ ಮೇಲೆ ಬರ್ಟನ್ ಸಿ ಬೆಲ್ ಒಂದು ಸಾಲು ಗಂಟಲು ಹರಿಯೋ ಹಾಗೆ ಅರಚಿ ಮುಂದಿನ ಸಾಲಿಗೆ ತಣ್ಣಗೆ ರಾಗ ಎಳೀತಾನೆ. ಮೆಷಿನ್ನು, ಮನುಷ್ಯ, ಯಾರು ಯಾರನ್ನ ಆಳ್ತಾರೆ, ಇದೇ ಇವರ ಕತೆ, 1998ರ ‘ಆಬ್ಸೊಲೀಟ್’ನಲ್ಲೂ ಅದೇ. 2001ರ ‘ಡಿಜಿಮಾರ್ಟಲ್’ ಹೊತ್ತಿಗೆ ಇಬ್ಬರೂ ಬೇರೆ ಮಾಡಕ್ಕಾಗದಷ್ಟು ಬೆರೆತುಹೋಗಿರ್ತಾರೆ. ಹನ್ನೊಂದು ಹಾಡಿನ ಆಲ್ಬಮ್ಮು, ಏಳು ಹಾಡು ಇದೇ ಗುಂಗಲ್ಲಿ ಹೋಗುತ್ತೆ, ಎಂಟನೇದು, ಅಂದ್ರೆ ನಮ್ಮ ಈ ಹಾಡು, ಬಂತು ನೋಡಿ, ಗಿರಣಿ ಬಂದ್! ಸೈಪ್ರೆಸ್ ಹಿಲ್ ಅನ್ನೋ ರ‍್ಯಾಪ್ ಗುಂಪಿನ ಬಿ-ರಿಯಲ್ ತನ್ನ ಆ ಮೂಗಿಂದ ಬರೋ ಚೂಪು ದನೀಲಿ ಏಯ್ ಹಿಂದೆ ಸರಿಯೋ ಅಂತ ಬೀದಿ ಜಗಳಕ್ಕೆ ನಿಂತಿರ್ತಾನೆ. ಮೆಷಿನ್ ಕತೆ ಎಲ್ಲೋಯ್ತು ಅಂತ ಹುಡುಕ್ಬೇಕು. ಒಂಬತ್ತನೇ ಹಾಡಿಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ ವಾಪಸ್ ಬರುತ್ತೆ.

ನನ್ನ ಲೆಕ್ಕದಲ್ಲಿ ಜಗಳ ಇರೋದು ರ‍್ಯಾಪ್ ಬೇಕಾ ಬೇಡ್ವಾ ಅಂತಲ್ಲ, ಈ ಜಾಗದಲ್ಲಿ ಯಾಕೆ ಅಂತ. ನನಗಂತೂ ಆ ಹಾಡು ಬಾಳೆಎಲೆ ಊಟದ ಮಧ್ಯೆ, ಸಾರು ಆಗಿ ಪಾಯಸ ಬರೋ ಮುಂಚೆ, ಪಾನಿಪೂರಿ ಬಡಿಸಿದ ಹಾಗೆ. ಪಾನಿಪೂರಿ ನಂಗಿಷ್ಟಾನೇ. ನೀವು ಒಪ್ಪಬೇಕು ಅಂತೇನಿಲ್ಲ, ಆದ್ರೆ ಒಪ್ಪಲ್ಲ ಅಂದ್ರೆ ಒಪ್ಪಲ್ಲ ಅಂತ ಬರೀರಿ.

ಇನ್ನು ‘ಲೇಬಲ್‌ನವರು ಬಲವಂತವಾಗಿ ತುರುಕಿದರು’ ಅಂತ ಬರೆದಿದ್ದೀರಲ್ಲ (ಲೇಬಲ್ ಅಂದ್ರೆ ಆಲ್ಬಮ್ ತರೋ ಕಂಪನಿ), ನಿಮಗೆ ಯಾರು ಹೇಳಿದ್ದು? ಅನುಮಾನ ಬರೋದು ಸಹಜ. 1999ರಲ್ಲಿ ಲಿಂಪ್ ಬಿಜ್ಕಿಟ್, 2000ದ ಕೊನೇಲಿ ಲಿಂಕಿನ್ ಪಾರ್ಕ್, ರ‍್ಯಾಪೂ ಗಿಟಾರೂ ಸೇರಿದ್ರೆ ಸಾಕು ಮಾರ್ಕೆಟ್ಟಲ್ಲಿ ಬಿಸಿ ದೋಸೆ ಥರ ಹೋಗ್ತಿದ್ದ ಕಾಲ ಅದು. ಆದ್ರೆ ಅನುಮಾನವನ್ನ ಅನುಮಾನ ಅಂತಾನೇ ಬರೀಬೇಕು. ಹಾಡಿನ ಪರ ಇರೋ ಎದುರು ಪಾರ್ಟಿಯವರಿಗೂ ಒಂದು ಒಳ್ಳೆ ಪಾಯಿಂಟ್ ಇತ್ತು, ನೀವು ಬಿಟ್ಟುಬಿಟ್ರಿ: ಡೀನೋ, ಹೆರೆರಾ ಇಬ್ಬರೂ ಬ್ರುಹೇರಿಯಾ ಅನ್ನೋ, ಸ್ಪ್ಯಾನಿಷಲ್ಲಿ ಹಾಡೋ ಬ್ಯಾಂಡಲ್ಲೂ ಇದ್ದೋರು, ಬಿ-ರಿಯಲ್ ಮನೆತನ ಮೆಕ್ಸಿಕೋ-ಕ್ಯೂಬಾದ್ದು, ಎರಡೂ ಗುಂಪು ಒಂದೇ ಊರಿನವು, ಸೈಪ್ರೆಸ್ ಹಿಲ್‌ನೋರೂ 2000ದ ತಮ್ಮ ಆಲ್ಬಮ್ಮಲ್ಲಿ ಒಂದು ಡಿಸ್ಕ್ ಪೂರ್ತಿ ರಾಕ್ ಕಡೆ ವಾಲಿದ್ರು. ಬೀಗರು ತೀರ ದೂರದವರೇನಲ್ಲ.

ರ‍್ಯಾಪೂ ಮೆಟಲ್ಲೂ ಸೇರಿದ ‘ಮೊಟ್ಟಮೊದಲ ಪ್ರಯೋಗ’ ಇದು ಅಂದಿರೋದು ಶುದ್ಧ ತಪ್ಪು, ಮೆಟಲ್ ಬ್ಯಾಂಡ್ ಆಂಥ್ರಾಕ್ಸ್‌ನೋರು ರ‍್ಯಾಪ್ ಗುಂಪು ಪಬ್ಲಿಕ್ ಎನಿಮಿ ಜತೆ ಸೇರಿ ಹತ್ತು ವರ್ಷ ಮುಂಚೆ, 1991ರಲ್ಲೇ ಮಾಡಿದ್ರು. ಈ ಹಾಡಿಂದ್ಲೇ ಬ್ಯಾಂಡ್ ಒಡೆದುಹೋಯ್ತು ಅನ್ನೋದೂ ತೆಗೀರಿ. 2002ರಲ್ಲಿ ಒಡೆದಿದ್ದು ನಿಜ, ಆದ್ರೆ ಅದು ಅವರವರ ಮನೆಜಗಳ, ಡೀನೋನ ಬಿಟ್ಟು ಉಳಿದವರು 2004ಕ್ಕೇ ಹೊಸ ಆಲ್ಬಮ್ ತಂದ್ರು. 2007ರಲ್ಲಿ ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸಿಗೆ ಐರನ್ ಮೇಡನ್ ಬ್ಯಾಂಡ್ ಬಂದಿದ್ದನ್ನೂ ಬರೆದಿದ್ದೀರ, ಅದು ಇಲ್ಲಿಗೇನಕ್ಕೆ ಬಂತೋ ನಂಗಂತೂ ಹೊಳೀಲಿಲ್ಲ.

ಭಾಷೆ ಬಗ್ಗೆ ಒಂದೇ ಮಾತು. ‘ಔದ್ಯಮಿಕ ಲೋಹ ಸಂಗೀತ’ ಅಂತ ಓದಿದ ತಕ್ಷಣ ಭದ್ರಾವತಿ ಕಾರ್ಖಾನೆ ವಾರ್ಷಿಕೋತ್ಸವದ ಆರ್ಕೆಸ್ಟ್ರಾ ಕಣ್ಮುಂದೆ ಬಂತು. ಇಂಡಸ್ಟ್ರಿಯಲ್ ಮೆಟಲ್ ಅಂತಾನೇ ಬರೀರಿ, ಕನ್ನಡಕ್ಕೇನೂ ಆಗಲ್ಲ.

ಈಗ ನಾಲ್ಕನೇ ಪುಟಕ್ಕೆ ಬರ್ತೀನಿ. ಧಾರವಾಡದ ಹಾಸ್ಟೆಲ್ ರೂಮು, ಯಾರದೋ ಕಾಪಿ ಹೊಡೆದ ಸಿಡಿ, ಎಂಟನೇ ಹಾಡು ಬಂದ ಕೂಡ್ಲೇ ನಿಮ್ಮ ಸೀನಿಯರ್ ಮಲಗಿದ್ದಲ್ಲಿಂದ್ಲೇ ಕೈ ಚಾಚಿ ನೆಕ್ಸ್ಟ್ ಒತ್ತೋದು, ಅವರು ಸ್ನಾನಕ್ಕೆ ಹೋದಾಗ ನೀವು ಅದನ್ನೇ ಸೌಂಡ್ ಕಮ್ಮಿ ಮಾಡ್ಕೊಂಡು ಕೇಳೋದು, ಬಕೆಟ್ ತುಂಬೋ ಶಬ್ದ ನಿಂತ ತಕ್ಷಣ ಆಫ್. ಐದೇ ಸಾಲು! ಇಷ್ಟು ಒಳ್ಳೇದನ್ನ ಇಟ್ಕೊಂಡು ಮೂರು ಪುಟ ಊರವರ ಮಾತಿಗೆ ಕೊಟ್ಟಿದ್ದೀರಲ್ಲ, ಬೇಜಾರಾಯ್ತು. ಕದ್ದು ಕೇಳೋವಷ್ಟು ಏನಿತ್ತು ಅದರಲ್ಲಿ? ಬಿ-ರಿಯಲ್ ದನಿನಾ, ಬೈಗುಳಾನಾ, ಬೇಡ ಅಂದಿದ್ದನ್ನ ಮಾಡೋ ಖುಷಿನಾ? ಅಲ್ಲಿಂದ ಶುರು ಮಾಡಿ, ಫ್ಯಾನ್‌ಗಳ ಜಗಳ ಅದರ ಹಿಂದೆ ತಾನಾಗೇ ಬರುತ್ತೆ.

900 ಪದದೊಳಗೆ ಮುಗಿಸಿ ಮತ್ತೆ ಕಳಿಸಿ. ಬರೆಯೋ ಮುಂಚೆ ಏಳು, ಎಂಟು, ಒಂಬತ್ತು, ಮೂರೂ ಹಾಡು ನಡುವೆ ನಿಲ್ಲಿಸದೆ ಒಂದು ಸಲ ಕೇಳಿ. ಹಾಂ, ಆ ಸೀನಿಯರ್ ನಂಬರ್ ಇದ್ರೆ ಒಂದು ಫೋನ್ ಹಾಕಿ, ಈಗ್ಲೂ ನೆಕ್ಸ್ಟ್ ಒತ್ತುತ್ತಾರಾ ಅಂತ ಕೇಳ್ನೋಡಿ.