ಸ್ಕಾಟ್ಲೆಂಡಲ್ಲಿ ಬ್ರಿಟಿಷ್ ರಾಜಮನೆತನದವರು ಬೇಸಿಗೇಲಿ ಬಂದಿರೋ ಬಾಲ್ಮೋರಲ್ ಅರಮನೆ ಹತ್ರ ಇರೋ ಕ್ರ್ಯಾಥಿ ಚರ್ಚ್‌ಗೆ ನಾವು ಹಿಂದೂಗಳು ಹೋಗಬಹುದಾ? ಅಲ್ಲಿ ನೋಡೋಕೆ ಏನಿದೆ? ಜೊತೆಗೆ ಅಪ್ಪ ಅಮ್ಮ ಇರ್ತಾರೆ, ಅಪ್ಪಂಗೆ ಹಿಸ್ಟರಿ ಇಷ್ಟ, ಅಮ್ಮಂಗೆ ಮಂಡಿನೋವು. ಅವರಿಗೆ ಬೋರ್ ಆಗುತ್ತಾ, ಅರಮನೆ ಮಾತ್ರ ನೋಡಿ ಬಂದ್ರೆ ಸಾಕಾ?

ಖಂಡಿತ ಹೋಗಬಹುದು, ಯಾವ ಧರ್ಮ ಅಂತ ಯಾರೂ ಕೇಳಲ್ಲ, ಚಪ್ಪಲಿ ಬಿಚ್ಚಬೇಕಾಗೂ ಇಲ್ಲ. ನಾನಿರೋದು ಅಬರ್ಡೀನ್‌ನಲ್ಲಿ, ಊರಿಂದ ಯಾರೇ ಬಂದ್ರೂ ಮೊದ್ಲು ಕೇಳೋದು ರಾಣಿ ಅರಮನೆ ತೋರಿಸು ಅಂತ, ಹಂಗಾಗಿ ಆ ರೋಡು ನಂಗೆ ಬಾಯಿಪಾಠ ಆಗೋಗಿದೆ. ಅಪ್ಪ ಅಮ್ಮಂಗೆ ಬೋರ್ ಆಗುತ್ತೇನೋ, ಅರಮನೆ ಮಾತ್ರ ನೋಡಿ ಬಂದ್ರೆ ಸಾಕಾ ಅಂತಾನೂ ಕೇಳಿದೀರಲ್ಲ, ನನ್ನ ಕೇಳಿದ್ರೆ ಮೊದ್ಲು ಚರ್ಚ್, ಆಮೇಲೆ ಟೈಮಿದ್ರೆ ಅರಮನೆ.

ಯಾಕಂದ್ರೆ ಇದು ಬರೀ ರಾಜರ ಚರ್ಚ್ ಅಲ್ಲ, ಊರಿನ ಚರ್ಚ್. ಇಂಗ್ಲೆಂಡಿನ ಚರ್ಚ್‌ಗೆ ರಾಜನೇ ಮುಖ್ಯಸ್ಥ, ಬಿಷಪ್‌ಗಳನ್ನ ನೇಮಿಸೋದೂ ಅವನ ಹೆಸರಲ್ಲೇ. ಗಡಿ ದಾಟಿ ಸ್ಕಾಟ್ಲೆಂಡಿಗೆ ಬಂದ್ರೆ ಪ್ರೆಸ್ಬಿಟೇರಿಯನ್, ಇಲ್ಲಿ ಬಿಷಪ್ಪೇ ಇಲ್ಲ, ಊರಿನ ಹಿರಿಯರು ಸೇರಿ ಪಾದ್ರಿ ಜೊತೆ ಚರ್ಚ್ ನಡೆಸ್ತಾರೆ, ರಾಜ ಬಂದ್ರೂ ಬೆಂಚಿನ ಮೇಲೆ ಕೂತು ಪ್ರವಚನ ಕೇಳ್ಕೊಂಡು ಹೋಗ್ಬೇಕು ಅಷ್ಟೇ. ವಿಕ್ಟೋರಿಯಾ ರಾಣಿ 1848ರಿಂದ ಇಲ್ಲಿಗೆ ಬರ್ತಿದ್ಳು, ಆಗ ಇದ್ದಿದ್ದು 1804ರ ಹಳೇ ಸಾದಾ ಕಟ್ಟಡ. 1873ರಲ್ಲಿ ಇಲ್ಲಿನ ಜನರ ಜೊತೆನೇ ಕೂತು ಕಮ್ಯುನಿಯನ್ನೂ (ಯೇಸು ನೆನಪಲ್ಲಿ ಕೊಡೋ ರೊಟ್ಟಿ, ದ್ರಾಕ್ಷಾರಸ) ತಗೊಂಡ್ಳು, ಆ ಕಡೆ ಚರ್ಚಿನ ಮುಖ್ಯಸ್ಥೆ ಈ ಕಡೆ ಬಂದು ಪ್ರಸಾದ ತಗೊಂಡ್ಳಲ್ಲ ಅಂತ ಲಂಡನ್ ಕಡೆಯವರಿಗೆ ಭಾರಿ ಕಸಿವಿಸಿ. ಮಜಾ ಏನಂದ್ರೆ ನೂರು ವರ್ಷ ಆದ್ಮೇಲೆ ಇದೇ ವ್ಯತ್ಯಾಸ ರಾಜಮನೆತನಕ್ಕೆ ಅನುಕೂಲನೂ ಆಯ್ತು. ಎಲಿಜಬೆತ್ ರಾಣಿ ಮಗಳು ಪ್ರಿನ್ಸೆಸ್ ಆನ್ ಡಿವೋರ್ಸ್ ಆಗಿ ಎರಡನೇ ಮದುವೆ ಆಗೋಕೆ ಹೊರಟಾಗ ಇಂಗ್ಲೆಂಡಿನ ಚರ್ಚ್‌ನಲ್ಲಿ ಅದಕ್ಕೆ ಅವಕಾಶ ಇರ್ಲಿಲ್ಲ, ಇಲ್ಲಿ ಇತ್ತು, 1992ರ ಡಿಸೆಂಬರ್ ಚಳೀಲಿ ಇದೇ ಪುಟ್ಟ ಚರ್ಚ್‌ನಲ್ಲಿ ಮದುವೆ ಆಯ್ತು.

ಈಗಿರೋ ಕಟ್ಟಡಕ್ಕೆ 1893ರಲ್ಲಿ ವಿಕ್ಟೋರಿಯಾನೇ ಅಡಿಗಲ್ಲು ಹಾಕಿದ್ದು, 1895ರಲ್ಲಿ ಓಪನ್ ಆಯ್ತು, ಕಟ್ಟಿಸಿದ ಆರ್ಕಿಟೆಕ್ಟ್ ಮಾರ್ಷಲ್ ಮೆಕೆಂಜಿ. ಪೂರ್ತಿ ಗ್ರಾನೈಟು. ದೊಡ್ಡ ಕೆಥೆಡ್ರಲ್ ಥರ ಇರುತ್ತೆ ಅಂದ್ಕೊಂಡು ಹೋಗ್ಬೇಡಿ, ನಮ್ಮ ಕಬ್ಬನ್ ರೋಡಿನ ಸೇಂಟ್ ಆಂಡ್ರೂಸ್ ನೋಡಿದೀರಲ್ಲ, ಅದೂ ಸ್ಕಾಟ್‌ಲೆಂಡಿನವರು ಕಟ್ಟಿದ್ದೇ, ಅದರ ಮುಂದೆ ಇದು ಚಿಕ್ಕದು ಅನ್ಸುತ್ತೆ.

ಒಳಗೆ ಹೋದ್ರೆ ನಮ್ಮತ್ತೆ ಕೇಳಿದ್ದನ್ನೇ ನಿಮ್ಮಮ್ಮನೂ ಕೇಳ್ತಾರೆ, "ದೇವರೆಲ್ಲಪ್ಪಾ?" ವಿಗ್ರಹ ಇಲ್ಲ, ಮೇರಿಯಮ್ಮ ಇಲ್ಲ, ಮೊಂಬತ್ತಿ ಸಾಲೂ ಇಲ್ಲ. 1560ರಲ್ಲಿ ಇಲ್ಲಿ ಧರ್ಮಸುಧಾರಣೆ ಆದಾಗ ವಿಗ್ರಹಗಳನ್ನೆಲ್ಲ ತೆಗೆದುಹಾಕಿದ್ರು, ಅಲ್ಲಿಂದ ಮಾತಿಗೇ ಪ್ರಾಧಾನ್ಯ. ಅದಕ್ಕೇ ಪಾದ್ರಿ ನಿಂತು ಮಾತಾಡೋ ಪಲ್ಪಿಟ್ ಹತ್ರ ಸ್ವಲ್ಪ ಹೊತ್ತು ನಿಂತ್ಕೊಳ್ಳಿ. ಸ್ಕಾಟ್ಲೆಂಡಿನ ಬೇರೆ ಬೇರೆ ಕಡೆಯ ಗ್ರಾನೈಟ್ ತಂದು ಜೋಡಿಸಿ ಮಾಡಿರೋದು, ಕೆಂಪು, ಬೂದಿ, ಕಪ್ಪು ಎಲ್ಲ ಒಂದರ ಪಕ್ಕ ಒಂದು, ಜೊತೆಗೆ ಅಯೋನಾ ದ್ವೀಪದ ಕಡಲ ದಂಡೇಲಿ ವಿಕ್ಟೋರಿಯಾ ಮಗಳು ಲೂಯಿಸ್ ಆರಿಸಿ ತಂದ ಸಣ್ಣ ಸಣ್ಣ ಕಲ್ಲುಗಳು. ಎದುರಿಗಿರೋ ಕಮ್ಯುನಿಯನ್ ಟೇಬಲ್ ಕೂಡ ಅಯೋನಾದ ಬಿಳಿ ಅಮೃತಶಿಲೆ, ಐದನೇ ಜಾರ್ಜ್ ನೆನಪಿಗೆ ಮಾಡಿಸಿದ್ದು. ಸಂತ ಕೊಲಂಬ 563ರಲ್ಲಿ ಐರ್ಲೆಂಡಿಂದ ದೋಣೀಲಿ ಬಂದಿಳಿದಿದ್ದು ಆ ದ್ವೀಪಕ್ಕೆ, ಇವರಿಗೆ ಅದು ಕ್ಷೇತ್ರ ಇದ್ದ ಹಾಗೆ. ರಾಜಮನೆತನದವರು ಕೂರೋದು ದಕ್ಷಿಣದ ಪಕ್ಕದಲ್ಲಿ, ಅವರಿಗೆ ಬೇರೆ ಬಾಗಿಲಿದೆ, ಅಷ್ಟು ಮಾತ್ರ ಸ್ಪೆಷಲ್ಲು.

ಡಯಾನಾ ತೀರಿಕೊಂಡ ದಿನ ಬೆಳಿಗ್ಗೆ, 1997 ಆಗಸ್ಟ್ 31, ಅವಳ ಇಬ್ಬರು ಮಕ್ಕಳನ್ನ ರಾಜಮನೆತನದವರು ಕರ್ಕೊಂಡು ಬಂದಿದ್ದು ಇಲ್ಲಿಗೇ. ಅವತ್ತಿನ ಪ್ರಾರ್ಥನೇಲಿ ಅವಳ ಹೆಸರೇ ಬರ್ಲಿಲ್ಲ ಅಂತ ಆಗ ಪೇಪರ್‌ನವರೆಲ್ಲ ಕೂಗಾಡಿದ್ರು.

ಎಲ್ಲರೂ ಮಿಸ್ ಮಾಡೋದು ಕೆಳಗಿರೋ ಹಳೇ ಸ್ಮಶಾನ. ಚರ್ಚ್ ಗುಡ್ಡದ ಮೇಲಿದೆ, ರೋಡಿನ ಆ ಕಡೆ ಡೀ ನದಿ ಹತ್ರ ಇನ್ನೂ ಹಿಂದಿನ ಕಾಲದ ಚರ್ಚಿನ ಮುರಿದ ಗೋಡೆಗಳಿವೆ, ಅಲ್ಲೇ ಜಾನ್ ಬ್ರೌನ್ ಸಮಾಧಿ. ವಿಕ್ಟೋರಿಯಾಳ ಆಳು, 1883ರಲ್ಲಿ ತೀರಿಕೊಂಡ, ಕಲ್ಲಿನ ಮೇಲೆ ರಾಣಿ ಬರೀ ಸೇವಕ ಅಂತ ಬರೆಸಿಲ್ಲ, ಪ್ರೀತಿಯ ಗೆಳೆಯ ಅಂತಾನೂ ಕೆತ್ತಿಸಿದಾಳೆ. ಹುಟ್ಟಿದ್ದು ಇದೇ ಕ್ರ್ಯಾಥಿ ಪಕ್ಕದಲ್ಲಿ, ತೀರಿಕೊಂಡಿದ್ದು ದೂರದ ವಿಂಡ್ಸರ್ ಅರಮನೇಲಿ, ಮಣ್ಣಾಗಿದ್ದು ಮಾತ್ರ ತನ್ನೂರಲ್ಲಿ. ಅವರಿಬ್ಬರ ಬಗ್ಗೆ ಊರೆಲ್ಲ ಆಡ್ಕೊಂಡ ಕಾಲದಲ್ಲಿ ಹಾಗೆ ಬರೆಸೋಕೆ ಎದೆಗಾರಿಕೆ ಬೇಕು ಅಂತ ನಂಗನ್ಸುತ್ತೆ. ಅಪ್ಪಂಗೆ ಹಿಸ್ಟರಿ ಇಷ್ಟ ಅಂದ್ರಲ್ಲ, ಅರ್ಧ ಗಂಟೆ ಇಲ್ಲೇ ಹೋಗುತ್ತೆ.

ಭಾನುವಾರ ಪ್ರಾರ್ಥನೆಗೇ ಹೋಗೋದಾದ್ರೆ ಹತ್ತು ನಿಮಿಷ ಮೊದ್ಲೇ ಹೋಗಿ ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ. ಸ್ಕಾಟ್ಲೆಂಡಿನ ಹಳೇ ಚರ್ಚ್‌ಗಳಲ್ಲಿ ಶುರುವಾಗೋಕೆ ಮುಂಚೆ ಒಬ್ಬರು ಬೈಬಲ್ ಹಿಡ್ಕೊಂಡು ಬರೋ ಪದ್ಧತಿ ಇದೆ, ಆಗ ಎಲ್ಲರೂ ಏಳ್ತಾರೆ, ನೀವೂ ಎದ್ದುನಿಲ್ಲಿ. ಕಮ್ಯುನಿಯನ್ ಎಲ್ಲ ವಾರ ಇರಲ್ಲ, ಇದ್ರೂ ತಗೋಬೇಕು ಅಂತೇನಿಲ್ಲ, ಸುಮ್ನೆ ಕೂತಿರಬಹುದು. ಕಾಣಿಕೆ ತಟ್ಟೆ ಬಂದ್ರೆ ಹಾಕೋದು ಬಿಡೋದು ನಿಮ್ಮಿಷ್ಟ.

ಕಾರಿಲ್ಲ ಅಂದ್ರೆ ಅಬರ್ಡೀನಿಂದ ಬ್ರೇಮಾರ್ ಕಡೆ ಹೋಗೋ 201 ಬಸ್ ಹತ್ತಿ, ಸುಮಾರು ಎರಡು ಗಂಟೆ ಆಗುತ್ತೆ, ಬ್ಯಾಲಟರ್ ದಾಟಿದ್ಮೇಲೆ ಕ್ರ್ಯಾಥಿ ಬರುತ್ತೆ. ಭಾನುವಾರ ಬಸ್ ಕಮ್ಮಿ, ವಾಪಸ್ ಬಸ್ ಟೈಮ್ ಮೊದ್ಲೇ ನೋಡ್ಕೊಂಡಿರಿ. ಚಳಿಗಾಲದಲ್ಲಿ ಚರ್ಚ್ ದಿನಾ ತೆಗೆದಿರಲ್ಲ, ಬೇಸಿಗೇಲಿ ಬನ್ನಿ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಾದ್ರೆ ರಾಜರು ಬಂದಿರ್ತಾರೆ, ಆಗ ಅರಮನೆ ಒಳಗೆ ಬಿಡಲ್ಲ, ಭಾನುವಾರ ಚರ್ಚ್ ಹತ್ರ ಪೊಲೀಸ್, ರೋಡ್ ಪಕ್ಕ ಜನ. ಅಮ್ಮಂಗೆ ಮಂಡಿನೋವು ಅಂದಿದ್ರಿ, ಕಾರ್ ಪಾರ್ಕಿಂದ ಚರ್ಚ್‌ಗೆ ಏರು ಸ್ವಲ್ಪನೇ ಇದೆ, ನಿಧಾನಕ್ಕೆ ಹತ್ತಬಹುದು, ಆದ್ರೆ ಸಮಾಧಿ ಹತ್ರ ಹುಲ್ಲು ಒದ್ದೆ ಇರುತ್ತೆ, ಒಳ್ಳೆ ಶೂ ಹಾಕಿಸಿ.